ಯೆಜ್ಡಿ ಬ್ಲಾಕನ್ನು ಮನೆಯ ಲೇತಿನಲ್ಲೇ ಬೋರ್ ಮಾಡಬಹುದಾ?

ತೀರ್ಥಹಳ್ಳಿ ತೋಟದವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಅಪ್ಪಯ್ಯನ ಯೆಜ್ಡಿ 250 ನನ್ನ ಹತ್ತಿರ ಇದೆ. 1984ರ ಗಾಡಿ, ಮೈಸೂರಿನಲ್ಲಿ ತಯಾರಾದದ್ದು. ಅಪ್ಪಯ್ಯ ನನ್ನನ್ನು ಟ್ಯಾಂಕ್ ಮೇಲೆ ಕೂರಿಸಿಕೊಂಡು ಇದರಲ್ಲೇ ಮಂಡಿಗೆ ಹೋಗಿ ಬರುತ್ತಿದ್ದರು. ಅವರು ತೀರಿಹೋದ ಮೇಲೆ ಆರು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಹೋದ ವರ್ಷ ಹೊರಗೆ ತೆಗೆದೆ. ಬೋರು (ಬ್ಲಾಕಿನೊಳಗೆ ಪಿಸ್ಟನ್ ಆಡುವ ಕೊಳವೆ) ಸವೆದಿತ್ತು. ಪೇಟೆಯ ಒಂದು ಅಂಗಡಿಯಲ್ಲಿ 0.50 ಓವರ್‌ಸೈಜ್ ಪಿಸ್ಟನ್ (ಮೂಲ ಅಳತೆಗಿಂತ 0.50 ಮಿ.ಮೀ. ದಪ್ಪ) ಕೊಟ್ಟು ಅದಕ್ಕೆ ತಕ್ಕಂತೆ ಬೋರ್ ಹೊಡೆಸಿದೆ.

ನಿಧಾನವಾಗಿಯೇ ಓಡಿಸುತ್ತಿದ್ದೆ. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಆಯಿಲ್, ಅಳೆದೇ ಹಾಕಿದ್ದು. 180 ಕಿಲೋಮೀಟರ್ ಆಗಿತ್ತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಹದಿನಾಲ್ಕು ತಿರುವಿನಲ್ಲಿ ಅರ್ಧ ದಾಟಿದ್ದೆ ಅಷ್ಟೇ, ಎಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಕಚಕ್ಕನೆ ನಿಂತಿತು. ಕೈ ಕ್ಲಚ್ ಮೇಲೆ ಇದ್ದದ್ದಕ್ಕೆ ಬಚಾವ್ ಆದೆ. ಹಿಂದೆ ಒಂದು ಬಸ್ ಬರುತ್ತಿತ್ತು.

ಬ್ಲಾಕ್ ಬಿಚ್ಚಿ ನೋಡಿದರೆ ಪಿಸ್ಟನ್ ಸ್ಕರ್ಟಿನ (ಪಿಸ್ಟನ್ನಿನ ಕೆಳಗಿನ ಗೋಡೆ) ಕೆಳಭಾಗದಲ್ಲಿ ನಾಲ್ಕು ಮೂಲೆಗೂ ಗೀರು. ಅಂಗಡಿಯಲ್ಲಿ ಕೇಳಿದರೆ "ಆಯಿಲ್ ಕಡಿಮೆ ಹಾಕಿದ್ದೀರಿ" ಅಂದರು. ನನಗೆ ತುಂಬಾ ಬೇಜಾರಾಯಿತು. ಈ ಬಾರಿ ನಾನೇ ಮಾಡಬೇಕು ಅಂತ ಮನಸ್ಸಾಗಿದೆ.

ನನ್ನ ಹತ್ತಿರ ಇರುವುದು: ನಾಲ್ಕೂವರೆ ಅಡಿಯ ಹಳೇ ಲೇತ್ (ಅಡಿಕೆ ಸುಲಿಯುವ ಮಷಿನ್ನಿನ ಬಿಡಿಭಾಗ ಮಾಡಿಕೊಳ್ಳಲು ತಂದದ್ದು), ಬೆಂಚ್ ಡ್ರಿಲ್, ವರ್ನಿಯರ್, ಫೀಲರ್ ಗೇಜ್. 0.75 ಪಿಸ್ಟನ್ ಒಂದು ಸಿಕ್ಕಿದೆ. ಬೋರಿನ ಗೀರು ಉಗುರಿಗೆ ಸಿಗುತ್ತದೆ, ಆದರೆ ಆಳ ಇಲ್ಲ. ಹಳೇ ಜೀಪಿನ ಆಕ್ಸಲ್ ತುಂಡಿನಿಂದ 25 ಮಿ.ಮೀ. ದಪ್ಪದ ಬೋರಿಂಗ್ ಬಾರ್ ಮಾಡಿ ಚಕ್ಕಿಗೆ ಹಿಡಿಯೋಣ ಅಂತ ಯೋಚನೆ. ಇಲ್ಲ ಅಂದರೆ ಡ್ರಿಲ್ಲಿಗೆ ಮರದ ಕೋಲು ಹಾಕಿ ಮರಳು ಕಾಗದ ಸುತ್ತಿ ತಿಕ್ಕುವುದು.

ಇನ್ನೊಂದು ವಿಷಯ. ಗೀರು ಬಿದ್ದ ಈ ಬೋರಿಗೆ ಹೊಸ 0.50 ರಿಂಗ್ ಇಳಿಸಿ ಬಾಯಿಯ ಸಂದು (ರಿಂಗಿನ ಎರಡು ತುದಿಗಳ ನಡುವಿನ ಜಾಗ) ಅಳೆದೆ. ಮೇಲೆ 0.45, ತಳದಲ್ಲಿ 0.32 ಬಂತು. ಇದು ಜಾಸ್ತಿಯಾ?

ಸಾಗರ ಸವಾರ:

ಮರಳು ಕಾಗದ ಮಾತ್ರ ಬೇಡ ಮಾರಾಯ್ರೇ. ನಾನು ಅದನ್ನು ಮಾಡಿ ಅನುಭವಿಸಿದ್ದೇನೆ. ಔಷಧಿ ಹೊಡೆಯುವ ಪಂಪಿನ ಎಂಜಿನ್, ಹೊಗೆ ಬರುತ್ತಿತ್ತು. ಡ್ರಿಲ್ಲಿಗೆ ಕೋಲು ಕಟ್ಟಿ ಅರ್ಧ ದಿನ ತಿಕ್ಕಿದೆ. ಬೋರು ಕನ್ನಡಿ ಥರ ಹೊಳೆಯಿತು. ಹೊಸ ರಿಂಗ್ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜಾಸ್ತಿ ಹೊಗೆ! ಬೋರು ಮೊಟ್ಟೆ ಆಕಾರಕ್ಕೆ ಸವೆದಿತ್ತು. ಕಾಗದ ಆ ಮೊಟ್ಟೆಯನ್ನೇ ಹಿಂಬಾಲಿಸಿ ಇನ್ನಷ್ಟು ದೊಡ್ಡ ಮೊಟ್ಟೆ ಮಾಡಿತ್ತು, ಅಷ್ಟೇ. ಆ ವರ್ಷ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಯುವುದು ಹದಿನೈದು ದಿನ ತಡವಾಯಿತು. ಜಡಿಮಳೆ ಹಿಡಿದುಕೊಂಡಿತು. ಕೊಳೆರೋಗ ಬಂದು ಕೆಳಗಿನ ತೋಟದಲ್ಲಿ ಅಡಿಕೆ ಉದುರಿದ್ದನ್ನು ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಬೆಂಚ್ ಡ್ರಿಲ್ಲಿನಲ್ಲೂ ಬೋರ್ ಮಾಡಲು ಹೋಗಬೇಡಿ. ಅದರ ಸ್ಪಿಂಡಲ್ ಮೇಲಿಂದ ಕೆಳಗೆ ಒತ್ತಲು ಇರುವುದು. ಪಕ್ಕಕ್ಕೆ ಹೊರೆ ಬಿದ್ದರೆ ಅಲ್ಲಾಡುತ್ತದೆ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಕಡೆ ಎದುರಿಗೇ ಅಳೆದು ತೋರಿಸುವವರು ಸಿಕ್ಕರೆ ಅಲ್ಲೇ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಭದ್ರಾವತಿ ಟರ್ನರ್:

ತಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ನಿಮಗೆ ಗೊತ್ತಾಗಿಲ್ಲ ಅಷ್ಟೇ.

ರಿಂಗಿನ ಸಂದು ಮೇಲೆ 0.45, ಕೆಳಗೆ 0.32. ವ್ಯತ್ಯಾಸ 0.13. ಸಂದು ಅಂದರೆ ಬೋರಿನ ಸುತ್ತಳತೆಯ ಲೆಕ್ಕ. ಅದನ್ನು 3.14ರಿಂದ ಭಾಗಿಸಿ. 0.04 ಬರುತ್ತದೆ. ಅಂದರೆ ನಿಮ್ಮ ಬೋರು ತಳದಲ್ಲಿ 0.04 ಮಿ.ಮೀ. ಸಣ್ಣ ಇದೆ. ನಮ್ಮ ಕಡೆ ಹಳಬರ ಲೆಕ್ಕ ಏನೆಂದರೆ, ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಬೋರಿನ ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಕ್ಲಿಯರೆನ್ಸ್, ಅಂದರೆ ಪಿಸ್ಟನ್ನಿಗೂ ಬೋರಿಗೂ ನಡುವೆ ಜಾಗ, ಬಿಡಬೇಕು. ಯೆಜ್ಡಿಯ ಬೋರು 65 ಮಿ.ಮೀ., ಎರಡೂವರೆ ಇಂಚು ಅನ್ನಿ. ಎರಡೂವರೆ ಥೌ, ಅಂದರೆ ಸುಮಾರು 0.06 ಮಿ.ಮೀ. ಮೇಲೆ ಅಷ್ಟು ಬಿಟ್ಟಿದ್ದರು ಅಂದುಕೊಂಡರೂ ಕೆಳಗೆ ಉಳಿದದ್ದು 0.02. ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಬೀಡು (ಎರಕದ ಕಬ್ಬಿಣ). ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆಗುಂಬೆ ಘಾಟಿಯ ಏರಿಗೆ 0.02 ಎಲ್ಲಿ ಸಾಕು? ನೀವು ಆಯಿಲ್ ಸರಿಯಾಗೇ ಹಾಕಿದ್ದೀರಿ. ಸ್ಕರ್ಟಿನ ನಾಲ್ಕು ಮೂಲೆಯ ಗೀರು ಇದನ್ನೇ ಹೇಳುತ್ತಿದೆ.

ಹೀಗೆ ಆಗುವುದಕ್ಕೆ ಸಾಮಾನ್ಯ ಕಾರಣ ಮೊಂಡು ಟೂಲ್. ಮೇಲಿಂದ ಶುರು ಮಾಡಿ ತಳ ಮುಟ್ಟುವಷ್ಟರಲ್ಲಿ ಮೂಗು ಸವೆದಿರುತ್ತದೆ, ಬೋರು ಸಣ್ಣದಾಗುತ್ತಾ ಹೋಗಿರುತ್ತದೆ. ಆಮೇಲೆ ತಳದಲ್ಲಿ ಒಮ್ಮೆ ಅಳೆದಿದ್ದರೆ ಸಿಕ್ಕಿಬೀಳುತ್ತಿತ್ತು. ಅಳೆಯಲಿಲ್ಲ.

ನಾನು 31 ವರ್ಷ ಭದ್ರಾವತಿಯಲ್ಲಿ ಮಷಿನ್ ಶಾಪಿನಲ್ಲಿ ಇದ್ದವನು. 1923ರಲ್ಲಿ ಕಟ್ಟಿಗೆ ಇದ್ದಿಲಿನ ಮೇಲೆ ಬೀಡು ಕರಗಿಸಲು ಶುರು ಮಾಡಿದ ಊರು ನಮ್ಮದು. ನನ್ನ ಅಂಗೈ ಗೆರೆಯಲ್ಲಿ ಬೀಡಿನ ಕಪ್ಪು ಪುಡಿ ಇನ್ನೂ ಇದೆ ಅಂತ ಮನೆಯವಳು ಹೇಳುತ್ತಾಳೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಲೇತಿನಲ್ಲಿ ಈ ಕೆಲಸ ಆಗುತ್ತದೆ. ಆದರೆ ನೀವು ಹೇಳಿದ ರೀತಿಯಲ್ಲಿ ಅಲ್ಲ.

ಬಾರನ್ನು ಚಕ್ಕಿಗೆ ಒಂದೇ ಕಡೆ ಹಿಡಿದರೆ ಇನ್ನೊಂದು ತುದಿ ಬಾಗುತ್ತದೆ. ಲೇತಿನ ಎರಡು ಸೆಂಟರಿನ (ಎರಡು ಕಡೆಯ ಚೂಪು ಮೊನೆ) ನಡುವೆ ಬಾರ್ ಹಾಕಿ, ಡಾಗ್ (ಬಾರನ್ನು ತಿರುಗಿಸುವ ಹಿಡಿಕೆ) ಕಟ್ಟಿ ತಿರುಗಿಸಿ. ಟೂಲ್ ಪೋಸ್ಟ್, ಕಾಂಪೌಂಡ್ ಎರಡನ್ನೂ ತೆಗೆದು ಕ್ರಾಸ್ ಸ್ಲೈಡಿನ (ಅಡ್ಡಕ್ಕೆ ಜಾರುವ ಭಾಗ) ಮೇಲೆ ಒಂದು ಆಂಗಲ್ ಪ್ಲೇಟ್ (L ಆಕಾರದ ತಟ್ಟೆ) ಕೂರಿಸಿ. ಬ್ಲಾಕ್ ಅದರ ಮೇಲೆ. ಬಾರ್ ಇದ್ದಲ್ಲೇ ತಿರುಗುತ್ತದೆ, ಸ್ಯಾಡಲ್ (ಬೆಡ್ ಮೇಲೆ ಉದ್ದಕ್ಕೆ ಜಾರುವ ಭಾಗ) ನಡೆದಂತೆ ಬ್ಲಾಕ್ ಟೂಲನ್ನು ದಾಟಿಕೊಂಡು ಹೋಗುತ್ತದೆ. ಇದರಲ್ಲಿ ಒಂದು ಚಂದ ಇದೆ. ಟೂಲ್ ಬಾರಿನ ಒಂದೇ ಜಾಗದಲ್ಲಿ ಕೂತಿರುತ್ತದೆ, ಅದರ ಸುತ್ತು ಬದಲಾಗುವುದೇ ಇಲ್ಲ. ಹಾಗಾಗಿ ಟೇಲ್‌ಸ್ಟಾಕ್ (ಚಕ್ಕಿನ ಎದುರು ತುದಿಯ ಆಸರೆ) ಕೂದಲೆಳೆಯಷ್ಟು ಆಚೆ ಈಚೆ ಇದ್ದರೂ ಬೋರು ಟೇಪರ್ (ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸಣ್ಣದು) ಆಗುವುದಿಲ್ಲ. ಹಳೇ ಲೇತಿನ ಬೆಡ್ ಚಕ್ಕಿನ ಹತ್ತಿರ ಸವೆದಿರುತ್ತದೆ, ಅಲ್ವಾ? ಬಾರ್ ಉದ್ದ ಇದ್ದರೆ ಸವೆಯದ ಕಡೆ, ಟೇಲ್‌ಸ್ಟಾಕಿನ ಹತ್ತಿರ ಕೆಲಸ ಮಾಡಬಹುದು. ಬಾರಿನ ಉದ್ದ ಬ್ಲಾಕಿನ ಎರಡರಷ್ಟಕ್ಕಿಂತ ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಬ್ಲಾಕ್ ಟೂಲನ್ನು ಪೂರ್ತಿ ದಾಟುವುದಿಲ್ಲ.

ಜೀಪಿನ ಆಕ್ಸಲ್ ಹುಡುಕಬೇಡಿ. ಗಟ್ಟಿ ಉಕ್ಕು ಬೇಗ ಸವೆಯುವುದಿಲ್ಲ, ನಿಜ. ಆದರೆ ಬಾಗುವುದರಲ್ಲಿ ಅದಕ್ಕೂ ಸಾದಾ ಎಂಎಸ್ (ಮೆದು ಉಕ್ಕು) ರಾಡಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬಿಗಿ ಬರುವುದು ದಪ್ಪದಿಂದ. 25 ಮಿ.ಮೀ. ಬದಲು 38 ಮಿ.ಮೀ. ರಾಡ್ ಹಾಕಿ, ಬಿಗಿ ಐದು ಪಟ್ಟು ಜಾಸ್ತಿಯಾಗುತ್ತದೆ. ಎರಡೂ ತುದಿಗೆ ಸೆಂಟರ್ ಡ್ರಿಲ್ ಮಾಡಿ ಸಮವಾಗಿ ಟರ್ನ್ ಮಾಡಿಕೊಳ್ಳಿ. ನಡುವೆ ಅಡ್ಡ ತೂತು ಕೊರೆದು ಟೂಲ್ ಬಿಟ್ ಹಾಕಿ. ಹಿಂದಿನಿಂದ ತಳ್ಳಲು ಒಂದು ಸ್ಕ್ರೂ, ಪಕ್ಕದಿಂದ ಬಿಗಿ ಮಾಡಲು ಇನ್ನೊಂದು.

ಬ್ಲಾಕ್ ಕೂರಿಸುವುದೇ ಮುಖ್ಯ ಕೆಲಸ. ಇಲ್ಲಿ ಅವಸರ ಮಾಡಬೇಡಿ. ಮೊದಲು ಚಕ್ಕಿಗೆ ಟೂಲ್ ಹಿಡಿದು, ಕ್ರಾಸ್ ಸ್ಲೈಡ್ ಆಡಿಸಿ ಆಂಗಲ್ ಪ್ಲೇಟಿನ ಮುಖವನ್ನು ಅಲ್ಲೇ ಫೇಸ್ ಮಾಡಿ, ಅಂದರೆ ಸಮತಟ್ಟು ಮಾಡಿ. ಆಮೇಲೆ ಕ್ರಾಸ್ ಸ್ಲೈಡಿನ ಜಿಬ್ (ಸಡಿಲ ತೆಗೆಯುವ ಪಟ್ಟಿ) ಬಿಗಿದು ಲಾಕ್ ಮಾಡಿ, ಕೆಲಸ ಮುಗಿಯುವವರೆಗೆ ಮುಟ್ಟಬೇಡಿ. ಈಗ ಅದೇ ಬಾರಿನಿಂದ ಪ್ಲೇಟಿಗೆ ತೂತು ಕೊರೆಯಿರಿ. ಬ್ಲಾಕಿನ ಕೆಳಗಿನ ಕುತ್ತಿಗೆ ಅದರಲ್ಲಿ ಬಿಗಿಯಾಗಿ ಕೂರುವಷ್ಟು. ಬಾರ್ ಕೊರೆದ ತೂತಿನಲ್ಲಿ ಕೂತ ಬ್ಲಾಕ್ ಬಾರಿನ ನಡುವಿಗೇ ಬರುತ್ತದೆ, ಬೇರೆ ಸೆಂಟರಿಂಗ್ ಬೇಡ. ಆದರೂ ಟೂಲ್ ಮೂಗನ್ನು ಬೋರಿನ ತಳದಲ್ಲಿ ಗೀರು ಇಲ್ಲದ ಜಾಗಕ್ಕೆ ತಾಗಿಸಿ ಸುತ್ತಲೂ ಒಮ್ಮೆ ನೋಡಿಕೊಳ್ಳಿ. ಬೇಸಿನ ಮೇಲೆ ಹಳೇ ಪ್ಯಾಕಿಂಗ್ ಚೂರು ಒಂದು ಉಳಿದಿದ್ದರೂ ಬೋರು ಓರೆಯಾಗುತ್ತದೆ. ಫಿನ್ನುಗಳನ್ನು (ಬ್ಲಾಕಿನ ಹೊರಗಿನ ತೆಳು ರೆಕ್ಕೆ) ಅಮುಕಿ ಹಿಡಿಯಬೇಡಿ. ಬೇಸಿನ ಮೇಲೆ ಮಾತ್ರ ಬಿಗಿ ಇರಲಿ.

ಬೀಡು ಒಣಗಾಗಿಯೇ ಕೊರೆಯಬೇಕು. ಎಣ್ಣೆ ಬೇಡ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿಗೆ ನಿಮಿಷಕ್ಕೆ 100 ಸುತ್ತು ಸಾಕು, ಫೀಡ್ ಎಷ್ಟು ಸಣ್ಣದು ಸಿಗುತ್ತದೋ ಅಷ್ಟು. ಪೋರ್ಟು (ಬೋರಿನ ಗೋಡೆಯಲ್ಲಿ ಗಾಳಿ, ಹೊಗೆ ಹೋಗಿಬರುವ ಕಿಂಡಿ) ಇರುವ ಕಡೆ ಟೂಲ್ ಟಕ್ ಟಕ್ ಅನ್ನುತ್ತದೆ, ಹೆದರಬೇಡಿ. ಕಟ್ ನಡುವೆ ನಿಲ್ಲಿಸಿದರೆ ಮಾತ್ರ ಗೆರೆ ಬೀಳುತ್ತದೆ. ನಮ್ಮ ಮಲೆನಾಡಿನ ಕರೆಂಟು ಗೊತ್ತಲ್ಲ, ಬೆಳಿಗ್ಗೆ ಬೇಗ ಮಾಡಿ. ಕರೆಂಟ್ ಹೋದರೆ ಏನನ್ನೂ ಹಿಂದಕ್ಕೆ ಎಳೆಯಬೇಡಿ, ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಿ.

ಡಾಗ್ ತಿರುಗುವ ಕಡೆ ಒಂದು ತಗಡಿನ ಮುಚ್ಚಿಗೆ ಮಾಡಿ. ಲುಂಗಿ, ಹೆಗಲ ಮೇಲೆ ಟವೆಲ್ಲು ಎರಡೂ ಬೇಡ. ನಮ್ಮ ಶಾಪಿನಲ್ಲಿ ಒಬ್ಬನ ತೋಳು ಹೀಗೇ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಕೊಪ್ಪ ಮೆಕ್ಯಾನಿಕ್:

ಟರ್ನರ್ ಸಾರ್ ಹೇಳಿದ್ದು ಬೀಡಿನ ಬ್ಲಾಕಿಗೆ. ಇದನ್ನು ಓದಿ ಯಾರಾದರೂ ಹೊಸ ಬೈಕಿನ ಬ್ಲಾಕ್ ಬಿಚ್ಚೀರಿ! ಈಗಿನ ಕೆಲವು ಅಲ್ಯೂಮಿನಿಯಂ ಬ್ಲಾಕುಗಳ ಒಳಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪನ ಇರುತ್ತದೆ. ಅದನ್ನು ಹೀಗೆ ಬೋರ್ ಮಾಡಿದರೆ ಬ್ಲಾಕ್ ಹೋಯಿತು ಅಂತಲೇ ಲೆಕ್ಕ. ಡೀಸೆಲ್ ಪಂಪ್‌ಸೆಟ್ಟಿನಲ್ಲೂ ಲೈನರ್ (ಒಳಗೆ ಕೂರಿಸಿದ ಬೇರೆ ಕೊಳವೆ) ಇದ್ದರೆ ಬೋರ್ ಮಾಡುವ ಬದಲು ಲೈನರನ್ನೇ ಬದಲಾಯಿಸಿ.

ತೀರ್ಥಹಳ್ಳಿ ತೋಟದವ:

ಟರ್ನರ್ ಸಾರ್, ಆ 0.04 ಲೆಕ್ಕ ಓದಿ ಒಂದು ನಿಮಿಷ ಸುಮ್ನೆ ಕೂತುಬಿಟ್ಟೆ. ನನ್ನದೇ ತಪ್ಪೇನೋ ಅಂತ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಪ್ಪಯ್ಯನ ಗಾಡಿಯನ್ನು ನಾನೇ ಹಾಳು ಮಾಡಿದೆ ಅನ್ನಿಸಿತ್ತು. ತುಂಬಾ ಉಪಕಾರವಾಯಿತು.

38ರ ರಾಡ್ ತಂದೆ. 50ರಿಂದ 75ರ ಮೈಕ್ರೋಮೀಟರ್ ಒಂದು ಪರಿಚಯದವರ ಹತ್ತಿರ ಸಿಕ್ಕಿತು. ಆದರೆ ಬೋರ್ ಡಯಲ್ ಗೇಜ್ ಇಲ್ಲ. ಅದಿಲ್ಲದೆ 0.01ರ ಲೆಕ್ಕ ಹೇಗೆ ನೋಡುವುದು? ವರ್ನಿಯರಿನಲ್ಲಿ ಆಗುತ್ತದಾ? ಟೂಲ್ ಎಷ್ಟು ಹೊರಗೆ ಬಂದಿದೆ ಅಂತ ತಿಳಿಯುವುದು ಹೇಗೆ?

ಭದ್ರಾವತಿ ಟರ್ನರ್:

ವರ್ನಿಯರ್ ಬೇಡ. ಬೋರಿನ ಒಳಗೆ ಅದನ್ನು ನಂಬಬಾರದು.

ಮೊದಲು ಹೊಸ ಪಿಸ್ಟನ್ ಅಳೆಯಿರಿ. ತಲೆಯ ಮೇಲೆ 0.75 ಅಂತ ಇದ್ದ ಮಾತ್ರಕ್ಕೆ ಅದು 65.75 ಇರುವುದಿಲ್ಲ. ಎಷ್ಟೋ ಪಿಸ್ಟನ್‌ಗಳಲ್ಲಿ ಕ್ಲಿಯರೆನ್ಸ್ ಕಳೆದೇ ಮಾಡಿರುತ್ತಾರೆ. ಸ್ಕರ್ಟಿನ ಕೆಳಗಡೆ, ಪಿಸ್ಟನ್ ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿಯಿರಿ. ತಲೆಯ ಹತ್ತಿರ ಅಳೆದರೆ ಸಣ್ಣ ಬರುತ್ತದೆ, ಪಿಸ್ಟನ್ನೇ ಹಾಗೆ ಇರುವುದು. 65.69 ಬಂತು ಅನ್ನಿ. ಅದಕ್ಕೆ 0.06 ಸೇರಿಸಿ. 65.75 ನಿಮ್ಮ ಕೊನೆಯ ಬೋರು. ಪಿಸ್ಟನ್ ಡಬ್ಬಿಯ ಚೀಟಿಯಲ್ಲಿ ಬೇರೆ ಕ್ಲಿಯರೆನ್ಸ್ ಬರೆದಿದ್ದರೆ ನನ್ನ ಮಾತು ಬಿಡಿ, ಚೀಟಿಯ ಪ್ರಕಾರ ಹೋಗಿ. ಹೋನಿಂಗಿಗೆ (ಕಲ್ಲಿನಿಂದ ಕೊನೆಯ ತಿಕ್ಕುವಿಕೆ) 0.05 ಉಳಿಸಿ 65.70ಕ್ಕೆ ಟೂಲ್ ನಿಲ್ಲಿಸಬೇಕು.

ಟೂಲ್ ಅಳೆಯುವುದು ಸುಲಭ. ಬಾರಿನ ಹಿಂಬದಿಯಿಂದ ಟೂಲ್ ಮೂಗಿನವರೆಗೆ ಮೈಕ್ರೋಮೀಟರ್ ಹಿಡಿಯಿರಿ. ಬಾರ್ ಸರಿಯಾಗಿ 38.00 ಇದ್ದರೆ ಅದರ ಅರ್ಧ 19.00. ಬೋರಿನ ಅರ್ಧ 32.85. ಎರಡೂ ಸೇರಿ 51.85 ತೋರಿಸಬೇಕು.

ಈಗ ಬೋರ್ ಗೇಜ್. ನನ್ನ ಉಸ್ತಾದ್ ಕಲಿಸಿದ್ದನ್ನು ಹೇಳುತ್ತೇನೆ. ಕೈಬೆರಳಿಗಿಂತ ಸಣ್ಣ ಒಂದು ರಾಡ್ ತುಂಡು ತೆಗೆದುಕೊಂಡು ಎರಡೂ ತುದಿಯನ್ನು ಉಂಡೆಯಾಗಿ ಅರೆಯಿರಿ. ಸಾಣೆಕಲ್ಲಿನ ಮೇಲೆ ತಿಕ್ಕುತ್ತಾ, ಅಳೆಯುತ್ತಾ, ಉದ್ದ ಸರಿಯಾಗಿ 65.70 ಬರಿಸಿ. ಇದೇ ನಿಮ್ಮ ಗೇಜು, ಇದನ್ನೇ ಪಿನ್ ಅನ್ನೋಣ. ಒಂದು ತುದಿಯನ್ನು ಬೋರಿನ ಗೋಡೆಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಅಡ್ಡಡ್ಡ ಆಡಿಸಿ. ಬೋರು ಸರಿಯಾಗಿ 65.70 ಇದ್ದರೆ ಆಡುವುದೇ ಇಲ್ಲ. ದೊಡ್ಡದಿದ್ದರೆ ಆಡುತ್ತದೆ. ಎಷ್ಟು ಮಿ.ಮೀ. ಆಡಿತು ಅಂತ ಸ್ಕೇಲಿನಲ್ಲಿ ನೋಡಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಪಿನ್ನಿನ ಉದ್ದದ ಎಂಟರಷ್ಟರಿಂದ ಭಾಗಿಸಿ. 65.70ರ ಎಂಟರಷ್ಟು ಸುಮಾರು 526. 5 ಮಿ.ಮೀ. ಆಡಿದರೆ 25ನ್ನು 526ರಿಂದ ಭಾಗಿಸಿ, 0.05 ಸಿಗುತ್ತದೆ. ನೋಡಿದಿರಾ, ಕಣ್ಣಿಗೆ ಕಾಣದ 0.05 ಸ್ಕೇಲಿನ ಮೇಲೆ 5 ಮಿ.ಮೀ. ಆಗಿ ಕಾಣುತ್ತದೆ. ನಿಮ್ಮ ಹೋನಿಂಗ್ ಮುಗಿಯುವುದು ಅಲ್ಲಿಗೆ. ಪಿನ್ ಮೇಲೆ ಕೆಳಗೆ ಓರೆಯಾಗದ ಹಾಗೆ ಹಿಡಿಯಬೇಕು, ಅದೊಂದು ಕೈ ಅಭ್ಯಾಸ. ಮೇಲೆ, ನಡುವೆ, ತಳದಲ್ಲಿ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ನೋಡಿ. ಆರು ಸಂಖ್ಯೆ ಪುಸ್ತಕದಲ್ಲಿ ಬರೆಯಿರಿ. ರಿಂಗಿನ ಸಂದು ಟೇಪರ್ ಹೇಳುತ್ತದೆ, ಮೊಟ್ಟೆ ಆಕಾರ ಹೇಳುವುದಿಲ್ಲ. ಪಿನ್ ಎರಡನ್ನೂ ಹೇಳುತ್ತದೆ. ಅಳೆಯುವ ಮೊದಲು ಬ್ಲಾಕ್ ಪೂರ್ತಿ ತಣ್ಣಗಾಗಿರಲಿ.

ಹೋನಿಂಗಿಗೆ ಮೂರು ಕಲ್ಲಿನ ಸ್ಪ್ರಿಂಗ್ ಹೋನ್ ಕೊಳ್ಳಿ. ಕಲ್ಲು ಪೋರ್ಟಿನ ಎತ್ತರಕ್ಕಿಂತ ಉದ್ದ ಇರಬೇಕು, ಇಲ್ಲದಿದ್ದರೆ ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆ. ಸೀಮೆಎಣ್ಣೆ ಇಲ್ಲ ಅಂದರೆ ಡೀಸೆಲ್ ಹನಿಸುತ್ತಾ ಇರಿ, ನಿಧಾನ ವೇಗ, ಕೈ ಮೇಲೆ ಕೆಳಗೆ ಆಡುತ್ತಲೇ ಇರಲಿ. ಚಾಪೆಯ ಹೆಣಿಗೆಯ ಹಾಗೆ ಓರೆ ಗೆರೆ ಬೀಳಬೇಕು. ಆಮೇಲೆ ಪ್ರತಿ ಪೋರ್ಟಿನ ಅಂಚನ್ನು ಸಣ್ಣ ಕಲ್ಲಿನಿಂದ ಮುರಿಯಿರಿ. ಬೋರ್ ಮಾಡಿದ ಪೋರ್ಟಿನ ಅಂಚು ಬ್ಲೇಡಿನ ಹಾಗಿರುತ್ತದೆ, ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ.

ಕೊನೆಗೆ ಬಿಸಿನೀರು, ಸೋಪಿನ ಪುಡಿ, ಬ್ರಷ್ಷು. ಪೆಟ್ರೋಲಿನಲ್ಲಿ ತೊಳೆದರೆ ಕಲ್ಲಿನ ಪುಡಿ ಗೆರೆಯೊಳಗೇ ಉಳಿಯುತ್ತದೆ. ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ತೊಳೆದು ತಕ್ಷಣ ಎಣ್ಣೆ ಹಚ್ಚಿ. ಮಳೆಗಾಲ ಹತ್ತಿರ ಬಂದಿದೆ, ಒಂದು ರಾತ್ರಿ ಬಿಟ್ಟರೂ ತುಕ್ಕು.

ತೀರ್ಥಹಳ್ಳಿ ತೋಟದವ:

ಐದು ವಾರ ಆಯಿತು, ಬರೆಯಲು ತಡವಾಯಿತು. ನಡುವೆ ಮೊದಲನೇ ಔಷಧಿ ಹೊಡೆಯುವ ಕೆಲಸ ಇತ್ತು.

ಪಿನ್ ಮಾಡಲು ಮೂರು ದಿನ ಹಿಡಿಯಿತು. ಮೊದಲನೆಯದು 65.66 ಆಗಿಹೋಯಿತು, ಜಾಸ್ತಿ ತಿಕ್ಕಿಬಿಟ್ಟೆ. ಎರಡನೆಯದು ಸರಿ ಬಂತು. ಪಿಸ್ಟನ್ ಅಳೆದರೆ ನಿಜವಾಗಿ 65.69! ಚೀಟಿಯಲ್ಲಿ ಬೇರೆ ಏನೂ ಇರಲಿಲ್ಲ.

ಆಂಗಲ್ ಪ್ಲೇಟಿನ ತೂತು ಕೊರೆಯುವಾಗಲೇ ನನ್ನ ಟೂಲ್ ಅರೆಯುವಿಕೆ ಸರಿ ಇಲ್ಲ ಅಂತ ಗೊತ್ತಾಯಿತು, ಮುಖ ಅಲೆ ಅಲೆಯಾಗಿತ್ತು. ಮೂಗು ಸಣ್ಣ ಮಾಡಿ ಅರೆದ ಮೇಲೆ ಸರಿಯಾಯಿತು. ಮೂರು ಕಟ್ ಹಾಕಿದೆ. ಎರಡನೆಯದರಲ್ಲಿ ಕರೆಂಟ್ ಹೋಯಿತು, ನೀವು ಹೇಳಿದ ಹಾಗೆ ಕೈ ಕಟ್ಟಿ ನಿಂತೆ. 40 ನಿಮಿಷ. ಕೊನೆಯ ಕಟ್‌ನಲ್ಲಿ ಆ ಗೆರೆ ಹೋಯಿತು. ಹೋನ್ ಆದ ಮೇಲೆ ಪಿನ್ ಆಡಿದ್ದು: ಮೇಲೆ 5, 5. ನಡುವೆ 5, ಐದೂವರೆ. ತಳದಲ್ಲಿ 5, 5.

ಅಮ್ಮ ಬಿಸಿನೀರು ಕಾಯಿಸಿ ಕೊಟ್ಟರು, ಬಚ್ಚಲೊಲೆಯಲ್ಲಿ. ಸ್ಟಾರ್ಟ್ ಮಾಡಿದಾಗ ಒಳಗಿನಿಂದ ಓಡಿ ಬಂದರು. ಆ ಶಬ್ದ ಕೇಳಿ ಅವರಿಗೆ ಅಳು ಬಂತು.

ಈಗ 300 ಕಿಲೋಮೀಟರ್ ಆಗಿದೆ. ಘಾಟಿಗೆ ಇನ್ನೂ ಇಳಿಸಿಲ್ಲ. ಅದಕ್ಕೆ ಮೊದಲು ಬ್ಲಾಕ್ ಬಿಚ್ಚಿ ಪಿಸ್ಟನ್ ನೋಡಬೇಕಾ ಸಾರ್?

ಭದ್ರಾವತಿ ಟರ್ನರ್:

ನಡುವಿನ ಐದೂವರೆ ಅಂದರೆ 0.01ರಷ್ಟೂ ದೊಡ್ಡದಲ್ಲ. ತುಂಬಾ ಖುಷಿಯಾಯಿತು ತಮ್ಮಾ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬ್ಲಾಕ್ ಬಿಚ್ಚಬೇಡಿ, ಕೂತ ರಿಂಗ್ ಕದಲುತ್ತದೆ. ಸೈಲೆನ್ಸರ್ ಪೈಪ್ ಮಾತ್ರ ಬಿಚ್ಚಿ. ಎಕ್ಸಾಸ್ಟ್ ಪೋರ್ಟಿಗೆ ಟಾರ್ಚ್ ಹಿಡಿದು ಕಿಕ್ಕರನ್ನು ಕೈಯಲ್ಲಿ ನಿಧಾನ ಒತ್ತಿ. ಸ್ಕರ್ಟ್ ಮೇಲೆ ಹೋಗುವಾಗ ಬೂದು ಬಣ್ಣ ಸಮವಾಗಿ ಇದ್ದು, ಉದ್ದ ಗೀರು ಇಲ್ಲದಿದ್ದರೆ ಪೈಪ್ ಹಾಕಿ ಬಿಗಿ ಮಾಡಿ, ಘಾಟಿಗೆ ಹೊರಡಿ. ಮೊದಲ ಸಲ ಅರ್ಧ ದಾರಿಯಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಿ, ಎಂಜಿನ್ ತಣ್ಣಗಾಗಲಿ. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಬರಬೇಡಿ. ಟೂ ಸ್ಟ್ರೋಕ್ ಅದು, ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗಬೇಕು. ಆಗಾಗ ಸ್ವಲ್ಪ ಸ್ವಲ್ಪ ಕೊಡುತ್ತಾ ಇಳಿಯಿರಿ.